ಆರು ಸಾಲಿನ ಹಿಂದಿನ ಸಾಲುಗಳು

ವಿಜ್ಞಾನದ ಯಾವುದಾದರೂ ಒಂದು ವಿಷಯವನ್ನು, ಅದನ್ನು ಓದದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಆಸೆ. ನಾನು ಆರಿಸಿಕೊಂಡದ್ದು ನನ್ನ ದಿನನಿತ್ಯದ ಕೆಲಸದ ವಿಷಯ: ಒಂದೇ ಕೆಲಸವನ್ನು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳು ಎಷ್ಟು ಮಾತಿನಲ್ಲಿ ಹೇಳುತ್ತವೆ? ಒಂದು ಭಾಷೆಗೆ ನೂರು ಸಾಲು ಬೇಕಾದಲ್ಲಿ ಇನ್ನೊಂದಕ್ಕೆ ಆರು ಸಾಲು ಸಾಕಾಗುವುದು ಹೇಗೆ? ಇದು ಕಂಪ್ಯೂಟರಿನವರ ಒಳಮನೆಯ ಚರ್ಚೆಯಂತೆ ಕಂಡರೂ ಕೊನೆಗೆ ಕನ್ನಡದ ಅಂಗಳಕ್ಕೇ ಬಂದು ನಿಲ್ಲುತ್ತದೆ. ಹೇಗೆ ಎನ್ನುವುದನ್ನು ಹೇಳಲು ಪ್ರಯತ್ನಿಸುತ್ತೇನೆ.

1986ರಿಂದ ಶುರು ಮಾಡೋಣ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಬೆಂಟ್ಲಿ ‘ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯಲ್ಲಿ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಎಂಬ ಅಂಕಣ ಬರೆಯುತ್ತಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರಿಗೆ ಅವರು ಒಂದು ಸಮಸ್ಯೆ ಕೊಟ್ಟರು. ಒಂದು ಪಠ್ಯವಿದೆ, ಒಂದು ಸಂಖ್ಯೆಯಿದೆ. ಸಂಖ್ಯೆ 20 ಎಂದರೆ, ಪಠ್ಯದಲ್ಲಿ ಅತಿ ಹೆಚ್ಚು ಸಲ ಬಂದ 20 ಪದಗಳನ್ನು ಎಷ್ಟೆಷ್ಟು ಸಲ ಬಂದಿವೆ ಎಂಬ ಲೆಕ್ಕದೊಂದಿಗೆ ಅನುಕ್ರಮವಾಗಿ ಅಚ್ಚು ಹಾಕಬೇಕು. ಇಷ್ಟೇ ಕೆಲಸ.

ಆ ಹೊತ್ತಿಗೆ ಕ್ನೂತ್ ಒಂದು ಹೊಸ ಬರವಣಿಗೆಯ ಕ್ರಮವನ್ನು ರೂಪಿಸಿದ್ದರು. ಪ್ರೋಗ್ರಾಂ ಬರೆಯುವುದೆಂದರೆ ಯಂತ್ರಕ್ಕೆ ಆಜ್ಞೆ ಕೊಡುವುದಷ್ಟೇ ಆಗಬಾರದು, ಓದುವ ಮನುಷ್ಯನಿಗೆ ಪ್ರಬಂಧದ ಹಾಗೆ ವಿವರಿಸುತ್ತ ಹೋಗಬೇಕು ಎಂಬುದು ಅವರ ನಿಲುವು. ಅದಕ್ಕಾಗಿ ಪ್ಯಾಸ್ಕಲ್ ಭಾಷೆಯ ಮೇಲೆ ‘ವೆಬ್’ ಎಂಬ ವ್ಯವಸ್ಥೆ ಕಟ್ಟಿದ್ದರು. ಇಂದಿನ ಇಂಟರ್‌ನೆಟ್ಟಿನ ವೆಬ್‌ಗೂ ಇದಕ್ಕೂ ಸಂಬಂಧವಿಲ್ಲ. ಬೆಂಟ್ಲಿಯವರ ಸಮಸ್ಯೆಗೆ ಕ್ನೂತ್ ಆ ಕ್ರಮದಲ್ಲೇ ಉತ್ತರ ಬರೆದರು. ಪದಗಳನ್ನು ನೆನಪಿನಲ್ಲಿಡಲು ಹೊಸದೊಂದು ಜೋಡಣೆಯನ್ನೇ ಯೋಚಿಸಿದರು. ಒಂದೊಂದು ನಿರ್ಧಾರಕ್ಕೂ ಕಾರಣ ಕೊಟ್ಟರು. ಪತ್ರಿಕೆಯಲ್ಲಿ ಅದು ಹಲವು ಪುಟ ತುಂಬಿತು.

ಬೆಂಟ್ಲಿ ಇದರ ವಿಮರ್ಶೆಯನ್ನು ತಮ್ಮ ಸಹೋದ್ಯೋಗಿ ಡಗ್ಲಸ್ ಮ್ಯಾಕ್‌ಇಲ್ರಾಯ್ ಅವರಿಗೆ ಒಪ್ಪಿಸಿದ್ದರು. ಮ್ಯಾಕ್‌ಇಲ್ರಾಯ್ ಕ್ನೂತ್ ಅವರ ಬರವಣಿಗೆಯನ್ನು ಮನಸಾರೆ ಮೆಚ್ಚಿದರು. ಮೆಚ್ಚಿದ ಮೇಲೆ, ಅದೇ ಕೆಲಸವನ್ನು ತಾವು ಆರು ಸಾಲಿನಲ್ಲಿ ಬರೆದು ಕೊಟ್ಟರು.

ಆ ಆರು ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಒಂದು: ಅಕ್ಷರವಲ್ಲದ್ದನ್ನೆಲ್ಲ ತೆಗೆದು ಅಲ್ಲಿ ಹೊಸ ಸಾಲು ಹಾಕು, ಆಗ ಸಾಲಿಗೊಂದು ಪದ ಉಳಿಯುತ್ತದೆ. ಎರಡು: ದೊಡ್ಡಕ್ಷರಗಳನ್ನೆಲ್ಲ ಚಿಕ್ಕಕ್ಷರ ಮಾಡು. ಮೂರು: ಅಕಾರಾದಿಯಾಗಿ ಜೋಡಿಸು; ಒಂದೇ ಪದದ ಪ್ರತಿಗಳೆಲ್ಲ ಅಕ್ಕಪಕ್ಕ ಬಂದು ಕೂರುತ್ತವೆ. ನಾಲ್ಕು: ಅಕ್ಕಪಕ್ಕ ಇರುವ ಒಂದೇ ತರದವನ್ನು ಒಂದು ಮಾಡಿ ಎಷ್ಟಿದ್ದವೆಂದು ಬರೆ. ಐದು: ಆ ಲೆಕ್ಕದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು. ಆರು: ಕೇಳಿದಷ್ಟು ಸಾಲು ತೋರಿಸಿ ನಿಲ್ಲು. ಇವು ಯೂನಿಕ್ಸ್ ವ್ಯವಸ್ಥೆಯ ಟಿಆರ್, ಸಾರ್ಟ್, ಯುನಿಕ್, ಸೆಡ್ ಎಂಬ ಸಣ್ಣ ಸಣ್ಣ ಆಜ್ಞೆಗಳು. ಒಂದರ ಬಾಯಿಂದ ಬಂದದ್ದು ಇನ್ನೊಂದರ ಬಾಯಿಗೆ ಹರಿಯುವಂತೆ ಜೋಡಿಸುವ ಏರ್ಪಾಡಿಗೆ ಪೈಪ್ ಎನ್ನುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಒಂದಕ್ಕೊಂದು ತಿರುಪಿ ಸೇರಿಸುವಂತೆ ಪ್ರೋಗ್ರಾಂಗಳನ್ನೂ ಸೇರಿಸಬೇಕು ಎಂಬ ಕಲ್ಪನೆ 1964ರಲ್ಲೇ ಮ್ಯಾಕ್‌ಇಲ್ರಾಯ್ ಅವರಿಗೆ ಹೊಳೆದಿತ್ತು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ಸೇರಿಸಿದರು.

ಈ ಪ್ರಸಂಗವನ್ನು ಪ್ರೋಗ್ರಾಮರುಗಳು ಸಾಮಾನ್ಯವಾಗಿ ಒಂದು ಪಂದ್ಯದ ಕತೆಯಂತೆ ಹೇಳುತ್ತಾರೆ: ಪುಟಗಟ್ಟಲೆ ಬರೆದವರು ಸೋತರು, ಆರು ಸಾಲಿನವರು ಗೆದ್ದರು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಈಗ ನಂಬುವುದಿಲ್ಲ. ಆರು ಸಾಲು ಚಿಕ್ಕದಾದದ್ದು ಆ ಹೊತ್ತಿನ ಜಾಣ್ಮೆಯೊಂದರಿಂದಲೇ ಅಲ್ಲ. ಜೋಡಿಸುವ ಕೆಲಸ, ಎಣಿಸುವ ಕೆಲಸ, ಅಕ್ಷರ ಬದಲಿಸುವ ಕೆಲಸ ಅಷ್ಟೂ ಹಿಂದಿನ ವರ್ಷಗಳಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಬರೆದಾಗಿತ್ತು. ಅವುಗಳಲ್ಲಿ ಟಿಆರ್ ಸ್ವತಃ ಮ್ಯಾಕ್‌ಇಲ್ರಾಯ್ ಬರೆದದ್ದೇ. ವಿಮರ್ಶೆಯಲ್ಲಿ ಅವರು ಎತ್ತಿದ ಮುಖ್ಯ ಪ್ರಶ್ನೆಯೂ ಇದೇ ಆಗಿತ್ತು: ಎಲ್ಲರಿಗೂ ಬೇಕಾಗುವ ಕೆಲಸವನ್ನು ಒಮ್ಮೆ ಮಾಡಿ ಎಲ್ಲರ ಕೈಗೆ ಸಿಗುವಂತೆ ಇಟ್ಟಿದ್ದರೆ, ಮತ್ತೆ ಮೊದಲಿಂದ ಏಕೆ ಕಟ್ಟಬೇಕು? ನನ್ನ ದೃಷ್ಟಿಯಲ್ಲಿ ಆ ಆರು ಸಾಲು ಒಂದು ಊರಿನ ಕೆರೆಯಿಂದ ತುಂಬಿಸಿಕೊಂಡ ಕೊಡ. ಕೊಡ ಹಗುರವಾಗಿದ್ದರೆ ಕೆರೆ ತೋಡಿದವರ ಬೆವರು ಅದರ ಹಿಂದೆ ಇದೆ.

ಚಿಕ್ಕದಾಗಿ ಹೇಳುವ ಈ ಆಸೆ ಕಂಪ್ಯೂಟರ್ ಭಾಷೆಗಳಷ್ಟೇ ಹಳೆಯದು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಹೊರತಂದಾಗ, ಅದುವರೆಗೆ ಯಂತ್ರಕ್ಕೆ ಒಂದೊಂದೇ ಹೆಜ್ಜೆ ಹೇಳಿಕೊಡುತ್ತಿದ್ದವರು ಗಣಿತದ ಸೂತ್ರವನ್ನು ಸೂತ್ರದಂತೆಯೇ ಬರೆಯುವಂತಾಯಿತು. ಅದರ ಬೆನ್ನಿಗೇ ಬಂದ ಕೋಬಾಲ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ಎರಡು ಸಂಖ್ಯೆ ಕೂಡಿಸಲು ಕೂಡುವ ಚಿಹ್ನೆಯ ಬದಲು, ಇದನ್ನು ಅದಕ್ಕೆ ಕೂಡಿಸಿ ಮೂರನೆಯದರಲ್ಲಿ ಇಡು ಎಂಬಂಥ ಇಂಗ್ಲಿಷ್ ವಾಕ್ಯ ಬರೆಯಬಹುದು. ಒಂದು ಪ್ರೋಗ್ರಾಮಿಗೆ ನಾಲ್ಕು ವಿಭಾಗ, ಒಂದೊಂದಕ್ಕೂ ತಲೆಬರಹ. ಇದನ್ನು ಹರಟೆಯ ಭಾಷೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ. ಪ್ರೋಗ್ರಾಂ ಬರೆಯದ ಲೆಕ್ಕಪತ್ರದವರೂ ಓದಿ ಒಪ್ಪಬೇಕು ಎಂಬ ಉದ್ದೇಶಕ್ಕೆ ಆ ಉದ್ದ ಬೇಕಿತ್ತು. ಜಗತ್ತಿನ ಎಷ್ಟೋ ಬ್ಯಾಂಕುಗಳ ಲೆಕ್ಕ ಇವತ್ತಿಗೂ ಕೋಬಾಲ್‌ನಲ್ಲಿ ನಡೆಯುತ್ತಿದೆ.

ಇನ್ನೊಂದು ತುದಿಯಲ್ಲಿ ಕೆನೆತ್ ಐವರ್ಸನ್ ಅವರ ಎಪಿಎಲ್ ಇದೆ. 1962ರಲ್ಲಿ ಅವರು ಬರೆದ ಪುಸ್ತಕದಿಂದ ಹುಟ್ಟಿದ ಭಾಷೆ ಅದು. ಗ್ರೀಕ್ ಅಕ್ಷರಗಳು, ಬಾಣಗಳು, ವೃತ್ತಗಳು ಸೇರಿದ ಅದರದೇ ಚಿಹ್ನೆಗಳಿಗೆ ಬೇರೆಯೇ ಕೀಲಿಮಣೆ ಬೇಕಾಗುತ್ತಿತ್ತು. ಒಂದು ಪಟ್ಟಿಯಲ್ಲಿರುವ ಸಂಖ್ಯೆಗಳ ಸರಾಸರಿ ಕಂಡುಹಿಡಿಯಲು ಸಿ ಭಾಷೆಯಲ್ಲಿ ಮೊತ್ತಕ್ಕೊಂದು ಜಾಗ ಇಟ್ಟು, ಪಟ್ಟಿಯ ಉದ್ದಕ್ಕೂ ಒಂದೊಂದಾಗಿ ನಡೆದು, ಕೂಡಿಸಿ, ಕೊನೆಗೆ ಭಾಗಿಸಬೇಕು. ಎಪಿಎಲ್‌ನಲ್ಲಿ ಬೆರಳಲ್ಲಿ ಎಣಿಸುವಷ್ಟು ಚಿಹ್ನೆ ಸಾಕು: ಕೂಡಿಸಿದ್ದನ್ನು ಎಣಿಕೆಯಿಂದ ಭಾಗಿಸು. 1979ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದಾಗ ಐವರ್ಸನ್ ಮಾಡಿದ ಉಪನ್ಯಾಸದ ವಿಷಯವೇ ಸಂಕೇತಗಳು ಆಲೋಚನೆಗೆ ಹೇಗೆ ನೆರವಾಗುತ್ತವೆ ಎಂಬುದು. ಇಡೀ ವಿಚಾರ ಒಂದೇ ನೋಟಕ್ಕೆ ಕಂಡರೆ ಮನಸ್ಸು ಅದರಾಚೆಗೆ ಯೋಚಿಸಬಲ್ಲದು. ಇದರಲ್ಲಿ ಬಹಳ ಸತ್ಯವಿದೆ. ಆದರೆ ಆ ನೋಟ ದಕ್ಕಬೇಕಾದರೆ ಮೊದಲು ಚಿಹ್ನೆಗಳನ್ನು ಕಲಿತಿರಬೇಕು. ಪುಟದಲ್ಲಿ ಉಳಿಸಿದ್ದನ್ನು ಓದುಗನ ತಲೆ ಹೊತ್ತುಕೊಳ್ಳಬೇಕು.

ನಮ್ಮ ವೈಯಾಕರಣರಿಗೆ ಇದು ಚೆನ್ನಾಗಿ ಗೊತ್ತಿತ್ತು. 1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ ಬರೆದಾಗ ಇಡೀ ಕನ್ನಡ ಭಾಷೆಯ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಹಿಡಿದಿಟ್ಟ. ಆದರೆ ಸೂತ್ರ ಬರೆದು ಸುಮ್ಮನಾಗಲಿಲ್ಲ, ಅದನ್ನು ಬಿಡಿಸಿ ಹೇಳುವ ವೃತ್ತಿಯನ್ನೂ ಆ ವೃತ್ತಿಗೆ ವ್ಯಾಖ್ಯಾನವನ್ನೂ ಕೂಡಿಸಿದ. ಅವನಿಗಿಂತ ಮೂರು ಶತಮಾನಕ್ಕೂ ಹಿಂದೆ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕನ್ನಡದ ಕಂದಪದ್ಯದಲ್ಲಿ ಬರೆದಾಗಲೂ ಜೊತೆಗೆ ವೃತ್ತಿ ಬರೆದ. ಪಾಣಿನಿಯ ಕಾಲದಿಂದ ಬಂದ ಅನುವೃತ್ತಿ ಎಂಬ ಉಪಾಯವನ್ನೇ ನೋಡಿ. ಹಿಂದಿನ ಸೂತ್ರದ ಪದ ಮುಂದಿನ ಸೂತ್ರಗಳಿಗೂ ಹರಿದು ಬರುತ್ತದೆ, ಮತ್ತೆ ಬರೆಯುವಂತಿಲ್ಲ. ಸೂತ್ರ ಚಿಕ್ಕದಾಗುತ್ತದೆ, ಆದರೆ ನಡುವಿನಿಂದ ಒಂದು ಸೂತ್ರವನ್ನು ಕಿತ್ತು ಓದಿದರೆ ಅರ್ಥವಾಗುವುದಿಲ್ಲ. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು, ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಬ್ಯಾಕಸ್ ಅವರ ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಎಸಿಎಂ ಪತ್ರಿಕೆಗೇ ಪತ್ರ ಬರೆದಿದ್ದರು. ನನಗೆ ಅದಕ್ಕಿಂತ ಹತ್ತಿರವೆನಿಸುವ ಹೋಲಿಕೆ ಬೇರೆ: ಮ್ಯಾಕ್‌ಇಲ್ರಾಯ್ ಸೂತ್ರ ಬರೆದರು, ಕ್ನೂತ್ ಸೂತ್ರ, ವೃತ್ತಿ, ವ್ಯಾಖ್ಯಾನ ಮೂರನ್ನೂ ಒಟ್ಟಿಗೆ ಬರೆದರು. ಇಬ್ಬರನ್ನೂ ಸಾಲು ಎಣಿಸಿ ಹೋಲಿಸುವುದು ಸೂತ್ರಪಾಠವನ್ನೂ ವ್ಯಾಖ್ಯಾನವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಹಾಗಾದರೆ ಭಾಷೆಗಳ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲವೇ? ಇದೆ. ಅಳೆದೂ ನೋಡಿದ್ದಾರೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಲುಟ್ಸ್ ಪ್ರೆಶೆಲ್ಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಒಳ್ಳೆಯ ಉದಾಹರಣೆ. ಫೋನ್ ಸಂಖ್ಯೆಗಳನ್ನು ನಿಘಂಟಿನ ಪದಗಳಾಗಿ ಬದಲಿಸುವ ಒಂದೇ ಕೆಲಸಕ್ಕೆ ಬರೆದ 80 ಪ್ರೋಗ್ರಾಂಗಳನ್ನು ಅವರು ಹೋಲಿಸಿದರು. ಏಳು ಭಾಷೆಗಳು: ಸಿ, ಸಿ++, ಜಾವಾ, ಪರ್ಲ್, ಪೈಥಾನ್, ರೆಕ್ಸ್, ಟಿಕಲ್. ಕೊನೆಯ ನಾಲ್ಕರಲ್ಲಿ ಬರೆದ ಪ್ರೋಗ್ರಾಂಗಳ ಉದ್ದ ಮೊದಲ ಮೂರರಲ್ಲಿ ಬರೆದವುಗಳ ಸುಮಾರು ಅರ್ಧ, ಬರೆಯಲು ಹಿಡಿದ ಹೊತ್ತೂ ಹೆಚ್ಚುಕಡಿಮೆ ಅರ್ಧ. ಜಾವಾದವರು ಪ್ರಯೋಗಶಾಲೆಯಲ್ಲಿ ಕುಳಿತು ಬರೆದಿದ್ದರು, ಕೊನೆಯ ನಾಲ್ಕು ಭಾಷೆಗಳವರು ಇಂಟರ್‌ನೆಟ್ ಮೂಲಕ ಕಳುಹಿಸಿ ತಮ್ಮ ಸಮಯವನ್ನು ತಾವೇ ಹೇಳಿದ್ದರು. ಆದ್ದರಿಂದ ಸಮಯದ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲವೆಂದು ಪ್ರೆಶೆಲ್ಟ್ ತಾವೇ ಎಚ್ಚರಿಸಿದ್ದಾರೆ. ಇನ್ನೊಂದು ವಿಷಯ ನನಗೆ ಮುಖ್ಯವೆನಿಸಿತು. ಒಂದೇ ಭಾಷೆಯಲ್ಲಿ ಬರೆದ ಇಬ್ಬರ ನಡುವಿನ ಅಂತರ ಎಷ್ಟೋ ಸಲ ಭಾಷೆ ಭಾಷೆಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿತ್ತು.

ಗಣಿತದ ಕಡೆಯಿಂದ ಇದಕ್ಕಿಂತ ಆಳವಾದ ಉತ್ತರ 1965ರಲ್ಲಿ ರಷ್ಯದ ಆಂದ್ರೇ ಕೊಲ್ಮೊಗೊರೊವ್ ಅವರಿಂದ ಬಂತು. ಆಸುಪಾಸಿನ ವರ್ಷಗಳಲ್ಲಿ ಅಮೆರಿಕದ ರೇ ಸೊಲೊಮೊನಾಫ್ ಮತ್ತು ಗ್ರೆಗರಿ ಚೈಟಿನ್ ಕೂಡ ಸ್ವತಂತ್ರವಾಗಿ ಅದೇ ಜಾಗ ತಲುಪಿದ್ದರು. ಅವರ ಪ್ರಮೇಯವನ್ನು ಸರಳವಾಗಿ ಹೇಳುತ್ತೇನೆ. ಎರಡು ಸಮರ್ಥ ಭಾಷೆಗಳನ್ನು ತೆಗೆದುಕೊಳ್ಳಿ. ಯಾವುದೇ ಉತ್ತರವನ್ನು ಹೊರಡಿಸುವ ಅತಿ ಚಿಕ್ಕ ಪ್ರೋಗ್ರಾಂ ಒಂದೊಂದರಲ್ಲೂ ಎಷ್ಟು ಉದ್ದ ಎಂದು ನೋಡಿ. ಆ ಎರಡು ಉದ್ದಗಳ ನಡುವಿನ ಅಂತರ ಒಂದು ನಿಗದಿಯಾದ ಸಂಖ್ಯೆಯನ್ನು ಎಂದೂ ಮೀರುವುದಿಲ್ಲ, ಕೆಲಸ ಎಷ್ಟೇ ದೊಡ್ಡದಾಗಲಿ. ಕಾರಣ ಸುಲಭ. ಮೊದಲ ಭಾಷೆಯಲ್ಲಿ ಎರಡನೆಯ ಭಾಷೆಗೊಂದು ದುಭಾಷಿಯನ್ನು ಒಮ್ಮೆ ಬರೆದಿಟ್ಟರೆ, ಆಮೇಲೆ ಎರಡನೆಯದರಲ್ಲಿ ಚಿಕ್ಕದಾಗಿ ಹೇಳಿದ್ದೆಲ್ಲ ಮೊದಲನೆಯದಕ್ಕೂ ದಕ್ಕುತ್ತದೆ. ಹೆಚ್ಚುವರಿ ಖರ್ಚು ಆ ದುಭಾಷಿಯ ಉದ್ದ ಮಾತ್ರ. ಹಾಗಾಗಿ ಸಣ್ಣ ಸಣ್ಣ ಕೆಲಸಗಳಲ್ಲಿ ಭಾಷೆಗಳನ್ನು ಹೋಲಿಸಿದಾಗ ನಾವು ಬಹುಮಟ್ಟಿಗೆ ನೋಡುತ್ತಿರುವುದು ಯಾರ ಬುತ್ತಿಯಲ್ಲಿ ಮೊದಲೇ ಏನು ಕಟ್ಟಿಟ್ಟಿದ್ದಾರೆ ಎಂಬುದನ್ನು. ಪೈಥಾನ್‌ನಲ್ಲಿ ಪದ ಎಣಿಸುವ ಪ್ರೋಗ್ರಾಂ ಈಗ ಎರಡು ಮೂರು ಸಾಲು. ಆದರೆ ‘ಕೌಂಟರ್’ ಎಂಬ ಸಿದ್ಧ ಸಾಧನ ಅದರ ಬುತ್ತಿಗೆ ಸೇರಿದ್ದು ಆ ಭಾಷೆ ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ. 2010ರಲ್ಲಿ ಬಂದ 2.7ನೇ ಆವೃತ್ತಿಯಲ್ಲಿ ಅದಿತ್ತು. ವ್ಯಾಕರಣ ಇದ್ದ ಹಾಗೇ ಇದ್ದರೂ ಪ್ರೋಗ್ರಾಂ ಮಾತ್ರ ಗಿಡ್ಡವಾಯಿತು.

ಈಗ ಬುತ್ತಿಯೊಳಗೆ ಕನ್ನಡಕ್ಕೆ ಏನಿದೆ ಎಂದು ನೋಡೋಣ.

ಮ್ಯಾಕ್‌ಇಲ್ರಾಯ್ ಅವರ ಮೊದಲ ಸಾಲು ಏನು ಹೇಳಿತ್ತು? ಅಕ್ಷರವಲ್ಲದ್ದನ್ನೆಲ್ಲ ತೆಗೆ ಎಂದು. ಅಕ್ಷರವೆಂದರೆ ಅಲ್ಲಿ ಇಂಗ್ಲಿಷಿನ ಎ ಯಿಂದ ಝಡ್ ವರೆಗಿನ 26, ದೊಡ್ಡವು ಮತ್ತು ಚಿಕ್ಕವು. ಈ ಆರು ಸಾಲಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೊಟ್ಟರೆ, ಅಷ್ಟು ದೊಡ್ಡ ಪುಸ್ತಕದ ಒಂದೊಂದು ಕನ್ನಡ ಅಕ್ಷರವೂ ಅಕ್ಷರವಲ್ಲವೆಂದು ತೀರ್ಮಾನವಾಗಿ ಅಳಿದುಹೋಗುತ್ತದೆ. ನಡುವೆ ಇಂಗ್ಲಿಷ್ ಅಕ್ಷರ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಒಂದು ಖಾಲಿ ಸಾಲು, ಅದರ ಮುಂದೆ ಒಂದು ಎಂಬ ಅಂಕಿ. ಇದು ಮ್ಯಾಕ್‌ಇಲ್ರಾಯ್ ಅವರ ತಪ್ಪಲ್ಲ. ಅವರ ಮುಂದಿದ್ದ ಪಠ್ಯ ಇಂಗ್ಲಿಷ್. ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೇ 1991ರಲ್ಲಿ. ಆದರೆ ಆರು ಸಾಲು ಎಷ್ಟು ಚಿಕ್ಕದು ಎಂದು ಹೊಗಳುವಾಗ, ಯಾವ ಭಾಷೆಯ ಪಠ್ಯಕ್ಕೆ ಚಿಕ್ಕದು ಎಂದೂ ಕೇಳಬೇಕು.

ಅದು ಹಳೆಯ ಕಾಲ, ಈಗ ಎಲ್ಲ ಸರಿಯಾಗಿದೆಯಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಪಠ್ಯದಿಂದ ಪದಗಳನ್ನು ಆರಿಸಲು ಇಂದಿನ ಬಹುತೇಕ ಭಾಷೆಗಳಲ್ಲಿ ಮೂರೇ ಮೂರು ಚಿಹ್ನೆಯ ಒಂದು ಸೂತ್ರವಿದೆ: ಬ್ಯಾಕ್‌ಸ್ಲ್ಯಾಶ್, ಡಬ್ಲ್ಯೂ, ಪ್ಲಸ್. ಪದಾಕ್ಷರಗಳು ಒಂದರ ಪಕ್ಕ ಒಂದು ಎಷ್ಟಿದ್ದರೂ ಸೇರಿಸಿ ಎತ್ತಿಕೋ ಎಂದು ಅದರ ಅರ್ಥ. ಕೆಲವು ವರ್ಷದ ಹಿಂದೆ ಸ್ನೇಹಿತರೊಬ್ಬರ ಲೇಖನಕ್ಕಾಗಿ ಕನ್ನಡ ಕತೆಗಳ ಪದಬಳಕೆಯನ್ನು ಎಣಿಸಿಕೊಡಲು ಒಪ್ಪಿಕೊಂಡೆ. ಪೈಥಾನ್‌ನಲ್ಲಿ ಆ ಸೂತ್ರ ಹಾಕಿದೆ. ಉತ್ತರ ಬಂತು, ಪ್ರೋಗ್ರಾಂ ಯಾವ ತಕರಾರನ್ನೂ ಹೇಳಲಿಲ್ಲ. ಪಟ್ಟಿಯ ತುದಿಯಲ್ಲಿ ‘ಲ’ ಎಂಬುದು ಪದವಾಗಿ ನಿಂತಿತ್ತು. ಮೊದಲಿಗೆ ಪಠ್ಯವೇ ಕೆಟ್ಟಿದೆ ಎಂದುಕೊಂಡೆ. ಕಾರಣ ತಿಳಿಯಲು ಒಂದು ಇಡೀ ಸಂಜೆ ಹಿಡಿಯಿತು. ಪೈಥಾನ್‌ನ ಆ ಸೂತ್ರ ವ್ಯಂಜನವನ್ನೂ ಸ್ವರವನ್ನೂ ಅಕ್ಷರವೆಂದು ಒಪ್ಪುತ್ತದೆ. ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಒಪ್ಪುವುದಿಲ್ಲ. ಹಾಗಾಗಿ ‘ಮನೆಯಲ್ಲಿ’ ಎಂಬ ಪದ ಅದಕ್ಕೆ ‘ಮನ’, ‘ಯಲ’, ‘ಲ’ ಎಂಬ ಮೂರು ಪದ. ‘ಕರ್ನಾಟಕ’ ಅದಕ್ಕೆ ‘ಕರ’, ‘ನ’, ‘ಟಕ’. ಅಲ್ಲಿ, ಇಲ್ಲಿ, ಎಲ್ಲಿ, ಸಪ್ತಮಿಯ ಎಲ್ಲ ಪ್ರತ್ಯಯಗಳೂ ಸೇರಿ ‘ಲ’ವನ್ನು ಪಟ್ಟಿಯ ತುದಿಗೆ ಏರಿಸಿದ್ದವು.

ಅದೇ ಮೂರು ಚಿಹ್ನೆಯನ್ನು ಪರ್ಲ್‌ನಲ್ಲಿ ಬರೆದು, ಪಠ್ಯವನ್ನು ಯೂನಿಕೋಡ್ ಎಂದು ಸರಿಯಾಗಿ ಓದಿಸಿದರೆ ‘ಕರ್ನಾಟಕ’ ಒಂದೇ ಪದವಾಗಿ ಸಿಗುತ್ತದೆ. ಜಾವಾದಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಬೇರೇನೂ ಹೇಳದೆ ಬರೆದರೆ ಒಂದು ಅಕ್ಷರವೂ ಸಿಗುವುದಿಲ್ಲ, ಅವು ಇಂಗ್ಲಿಷ್ ಅಕ್ಷರವನ್ನಷ್ಟೇ ಗುರುತಿಸುತ್ತವೆ. ಸಂಕ್ಷಿಪ್ತತೆಯ ಲೆಕ್ಕದಲ್ಲಿ ಈ ನಾಲ್ಕೂ ಭಾಷೆಗೆ ಸಮಾನ ಅಂಕ, ಉತ್ತರ ಮೂರು ತರ. ಉದ್ದ ಅಳೆಯುವ ಯಾವ ಹೋಲಿಕೆಯಲ್ಲೂ ಈ ವ್ಯತ್ಯಾಸ ಕಾಣಿಸುವುದಿಲ್ಲ.

‘ಕರ್ನಾಟಕ’ದಲ್ಲಿ ಅಕ್ಷರ ಎಷ್ಟು ಎಂದು ಒಂದನೇ ತರಗತಿಯ ಮಗುವನ್ನು ಕೇಳಿ. ಕ, ರ್ನಾ, ಟ, ಕ: ನಾಲ್ಕು. ಬೈಟ್, ಅಂದರೆ ಕಂಪ್ಯೂಟರ್ ಪಠ್ಯವನ್ನು ಇಟ್ಟುಕೊಳ್ಳುವ ತುಣುಕುಗಳನ್ನು, ಎಣಿಸುವ ಸಾಧನ 21 ಎನ್ನುತ್ತದೆ. ಗುಣಿತದ ಮತ್ತು ಅರ್ಧಾಕ್ಷರದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಪೈಥಾನ್ 7 ಎನ್ನುತ್ತದೆ. ಮನುಷ್ಯ ಕಾಣುವ ಅಕ್ಷರವನ್ನೇ ಎಣಿಸಬೇಕೆಂದು ಹೊರಟ ಸ್ವಿಫ್ಟ್ ಭಾಷೆಯ ಕ್ರಮದಲ್ಲಿ 5, ಏಕೆಂದರೆ ಅದು ‘ರ್’ ಮತ್ತು ‘ನಾ’ಗಳನ್ನು ಬೇರೆ ಬೇರೆ ಎಣಿಸುತ್ತದೆ. ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮವನ್ನು ಯೂನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ತಂದಿತು. ಆ ಆವೃತ್ತಿಯಲ್ಲಿ ನಿಯಮ ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಈ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಪದವನ್ನು ತಿರುಗಿಸಿ ಬರೆಯುವ ಪೈಥಾನ್‌ನ ಪುಟ್ಟ ಸೂತ್ರವನ್ನು ಎಷ್ಟೋ ಪಾಠಗಳಲ್ಲಿ ಸಂಕ್ಷಿಪ್ತತೆಯ ಮಾದರಿಯೆಂದು ತೋರಿಸುತ್ತಾರೆ. ‘ಕರ್ನಾಟಕ’ವನ್ನು ಅದಕ್ಕೆ ಕೊಟ್ಟರೆ ಬರುವುದು ‘ಕಟಾನ್ರಕ’. ಬರಬೇಕಾದದ್ದು ‘ಕಟರ್ನಾಕ’.

ಅಕ್ಷರದ ಹಂತ ದಾಟಿದ ಮೇಲೆ ಪದದ ಪ್ರಶ್ನೆ ಬರುತ್ತದೆ. ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿಯೂ, ಮನೆಗಳಲ್ಲೇ: ಇವು ಒಂದು ಪದವೋ ಐದೋ? ‘ಮನೆಯಲ್ಲಿದ್ದಾಳೆ’ ಎಂಬುದನ್ನು ಎಲ್ಲಿ ಒಡೆಯಬೇಕು? ಇಂಗ್ಲಿಷಿನಲ್ಲಿ ಖಾಲಿ ಜಾಗ ನೋಡಿ ಪದ ಎಣಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕನ್ನಡದಲ್ಲಿ ಸಂಧಿ, ವಿಭಕ್ತಿ, ಅವಧಾರಣೆ ಎಲ್ಲ ಗೊತ್ತಿರುವ ಒಂದು ಸಾಧನ ಬೇಕು. ಬೆಂಟ್ಲಿಯವರ ಅದೇ ಸಮಸ್ಯೆಯನ್ನು ಕನ್ನಡಕ್ಕೆ ಪ್ರಾಮಾಣಿಕವಾಗಿ ಬಿಡಿಸಲು ಹೊರಟವನು ಯಾವ ಭಾಷೆ ಹಿಡಿದರೂ ಕ್ನೂತ್ ಅವರಷ್ಟೇ ಉದ್ದ ಬರೆಯಬೇಕಾಗುತ್ತದೆ. ಪೈಥಾನ್ ಚಿಕ್ಕದೋ ಜಾವಾ ಚಿಕ್ಕದೋ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಕೆಲಸ ಆಗಿಯೇ ಇಲ್ಲ ಎನ್ನುತ್ತಿಲ್ಲ. ಕನ್ನಡ ಪದಗಳನ್ನು ಬಿಡಿಸುವ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳು ಬಂದಿವೆ, ಪಿಎಚ್‌.ಡಿ.ಗಳೂ ಆಗಿವೆ. ಆದರೆ ಪ್ರಬಂಧದೊಳಗೆ ಉಳಿದ ಪ್ರೋಗ್ರಾಂ ಇನ್ನೊಬ್ಬನ ಸಾಲನ್ನು ಚಿಕ್ಕದು ಮಾಡುವುದಿಲ್ಲ. ನೆರೆಯ ಮಲಯಾಳದಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ವರ್ಷಗಟ್ಟಲೆ ಇಂಥ ಸಾಧನಗಳನ್ನು ಬರೆದು ಯಾರು ಬೇಕಾದರೂ ಬಳಸುವಂತೆ ಬಿಟ್ಟಿದ್ದಾರೆ. ಸಂತೋಷ್ ತೋಟ್ಟಿಂಙಲ್ ಅವರು ಬರೆದ ಮಲಯಾಳ ಪದವಿಶ್ಲೇಷಕವನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು, ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು. ಮ್ಯಾಕ್‌ಇಲ್ರಾಯ್ ಅವರ ಆರು ಸಾಲಿನ ಹಿಂದೆ ಇದ್ದದ್ದು ಇದೇ ಬಗೆಯ ಕೆಲಸ.

ಈ ಸಭೆಯಲ್ಲಿ ಕನ್ನಡ ಎಂ.ಎ. ಓದುತ್ತಿರುವವರು ಇದ್ದೀರಿ, ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದವರೂ ಇದ್ದೀರಿ. ಸಂಧಿ ಬಿಡಿಸಲು ಬಲ್ಲವರಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ, ಬರೆಯಬಲ್ಲವರು ಶಬ್ದಮಣಿದರ್ಪಣವನ್ನು ತೆರೆದು ನೋಡಿಲ್ಲ. ಇವತ್ತು ಹೊರಡುವ ಮುಂಚೆ ಒಬ್ಬರನ್ನೊಬ್ಬರು ಮಾತನಾಡಿಸಿ, ಫೋನ್ ನಂಬರ್ ಬರೆದುಕೊಳ್ಳಿ. ಕನ್ನಡ ಪಠ್ಯವನ್ನು ಸರಿಯಾಗಿ ಪದಗಳಾಗಿ ಬಿಡಿಸುವ ಒಂದೇ ಒಂದು ಸಾಧನದಿಂದ ಶುರು ಮಾಡಿ. ಅದಕ್ಕೆ ವೃತ್ತಿಯನ್ನೂ ಕನ್ನಡದಲ್ಲೇ ಬರೆಯಿರಿ. ಬರೆದದ್ದನ್ನು ಎಲ್ಲರಿಗೂ ಸಿಗುವ ಕಡೆ ಇಡಿ. ಪರೀಕ್ಷಿಸಲು, ತಪ್ಪು ಹುಡುಕಲು, ರಾತ್ರಿ ಕೂತು ತಿದ್ದಲು ಒಬ್ಬ ಆಳು ಬೇಕಾದರೆ ನಾನು ಬರುತ್ತೇನೆ.